ನಮ್ಮ ಮನೆಗೆ ಬಂದ ಸಾಹೇಬರ ಟಿವಿ

ಬ್ಯಾಂಕಿನವರಿಗೆ ಮಗಳನ್ನು ಕೊಟ್ಟವಳು ಒಂದು ಕಡೆ ಕಾಲು ಚಾಚಿ ಕೂರೋ ಹಾಗಿಲ್ಲ. ವಿಜಯವಾಡದ ಭವಾನಿಪುರಂನಲ್ಲಿ ಅಕ್ಕಪಕ್ಕದ ಮನೆಗಳ ವಿಷಯವೆಲ್ಲ ಈಗಷ್ಟೇ ಒಂದು ಹಿಡಿತಕ್ಕೆ ಬಂತು ಅನ್ನುವಾಗ ಅಳಿಯಂದಿರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಹೊಸ ಅಪಾರ್ಟ್‌ಮೆಂಟು, ಬರೀ ಗೋಡೆ. ಗೋಡೆ ಬರಿದಾಗಿದ್ದರೆ ಸಾಮಾನು ಬರುತ್ತೆ, ಸಾಮಾನಿನ ಹಿಂದೆ ರಾಮಾಯಣ ಬರುತ್ತೆ. ನಾನಾಗಿ ಏನನ್ನೂ ಹುಡುಕಿಕೊಂಡು ಹೋಗುವವಳಲ್ಲ, ಮಂಡಿನೋವು. ಕೂತಲ್ಲಿಗೇ ಬಂದರೆ ಏನು ಮಾಡಲಿ?

ಮೀನು

ನಮ್ಮ ಅಳಿಯಂದಿರು ಬದನೆಕಾಯಿ ಕೊಳ್ಳೋಕೂ ಫೋನಿನಲ್ಲಿ ಹತ್ತು ಜನರ ಅಭಿಪ್ರಾಯ ಓದುವವರು. ಟಿವಿ ಅಂದಮೇಲೆ ಕೇಳಬೇಕೆ? ಇದ್ದಬದ್ದ ಅಂಗಡಿಗಳನ್ನೆಲ್ಲ ಸುತ್ತಿಸಿದರು. ಯಾವ ಅಂಗಡಿಗೆ ಹೋದರೂ ಎಲ್ಲ ಟಿವಿಯಲ್ಲೂ ಅದೇ ಬಣ್ಣದ ಮೀನು ಈಜುತ್ತಿತ್ತು.

"ಚೂಡಂಡಿ ಅಮ್ಮಗಾರು, ನೋಡಿ, ಮೀನಿನ ಮೈಮೇಲಿನ ಚುಕ್ಕಿ ಕೂಡ ಕಾಣುತ್ತೆ" ಅಂತ ಅಂಗಡಿ ಹುಡುಗಿ ತೆಲುಗಿನಲ್ಲಿ ಹೊಗಳಿದಳು.

"ಒಂದು ಕನ್ನಡ ಧಾರಾವಾಹಿ ಹಾಕಮ್ಮ. ಅತ್ತೆ ಮುಖದ ಮೇಲಿನ ಕೋಪ ಹೇಗೆ ಕಾಣುತ್ತೋ ನೋಡ್ತೀನಿ" ಅಂದೆ, ಅರ್ಧ ತೆಲುಗು, ಅರ್ಧ ಕೈಸನ್ನೆಯಲ್ಲಿ.

ಅಂಗಡಿಯಲ್ಲಿ ಅದೆಲ್ಲ ಹಾಕೋದಿಲ್ಲವಂತೆ. ಮೀನು ಮಾತ್ರವಂತೆ.

"ಮೀನು ನೋಡೋಕೆ ಟಿವಿ ಯಾಕೆ ತಾಯಿ? ಭೀಮುನಿಪಟ್ಟಣದ ಸಮುದ್ರದ ದಡಕ್ಕೆ ಹೋದರೆ ಬುಟ್ಟಿಗಟ್ಟಲೆ ಬಿದ್ದಿರುತ್ತೆ. ಅಲ್ಲಾದರೆ ಚೌಕಾಸಿಗೂ ಬಗ್ಗುತ್ತಾರೆ" ಅಂದೆ. ಅಳಿಯಂದಿರು ನನ್ನನ್ನು ಮಿಕ್ಸಿಗಳ ಕಡೆ ಕೂರಿಸಿ ಹೋದರು.

ಪಾಸ್‌ವರ್ಡು

ಇಂಟರ್‌ನೆಟ್ಟು ಯಾವ ಕಂಪನಿದು ಹಾಕಿಸೋದು ಅಂತ ಮಗಳು ಎದುರು ಮನೆಯಾಕೆಯನ್ನು ಕೇಳಿದಳು. ಆಕೆ ತಾನೇ ಫೋನು ಮಾಡಿ ಆಳನ್ನು ಕರೆಸಿದಳು. ಅವನು ಬಂದಾಗ ಡಬ್ಬಿ ಎಲ್ಲಿ ಕೂರಬೇಕು ಅಂತಲೂ ಅವಳೇ ತೋರಿಸಿದಳು: ಬಾಗಿಲ ಪಕ್ಕ, ಅವಳ ಮನೆಗೆ ಮುಖ ಮಾಡಿ.

"ಎಷ್ಟು ಒಳ್ಳೆಯವರಮ್ಮ" ಅಂತ ಮಗಳಿಗೆ ಖುಷಿ. ನನಗೆ ಆಗಲೇ ಅನುಮಾನ. ಇಷ್ಟು ದಿನದಲ್ಲಿ ಒಂದು ಲೋಟ ಮಜ್ಜಿಗೆ ಕೊಡದವಳು ಇವತ್ತು ಸ್ಟೂಲು ತಂದುಕೊಟ್ಟಳಲ್ಲ!

ಈಗ ನಮ್ಮ ಮಲಗೋ ಕೋಣೆಗೆ ಇಂಟರ್‌ನೆಟ್ಟು ಬರುವುದಿಲ್ಲ. ಆಕೆಯ ಅಡುಗೆಮನೆಗೆ ಧಾರಾಳವಾಗಿ ಬರುತ್ತೆ. ನಮ್ಮ ಹೆಸರೇನು ಅಂತ ಆಕೆ ಇವತ್ತಿನವರೆಗೂ ಕೇಳಿಲ್ಲ, ಪಾಸ್‌ವರ್ಡು ಮಾತ್ರ ಬಾಯಿಪಾಠ.

ಆಯ್ಕೆ

ಇಷ್ಟೆಲ್ಲ ಸುತ್ತಿ, ಓದಿ, ಗೋಡೆ ಅಳೆದು, ಕೊನೆಗೆ ಅಳಿಯಂದಿರು ಆರಿಸಿದ್ದು ಅವರ ಬ್ಯಾಂಕಿನ ಸಾಹೇಬರ ಹಳೇ ಟಿವಿ. ಸಾಹೇಬರೂ ನಮ್ಮ ಕಡೆಯವರೇ, ವಿಶಾಖಪಟ್ಟಣದಿಂದ ವಿಜಯವಾಡದ ದೊಡ್ಡ ಆಫೀಸಿಗೆ ಹೋದರು. ಬ್ಯಾಂಕಿನವರಲ್ಲಿ ಇದೊಂದು ರೂಢಿ. ಹೋಗುವವರ ಸಾಮಾನು ಬರುವವರ ತಲೆಗೆ.

"ಅಂಗಡಿಯಲ್ಲಿ ಅಷ್ಟೊಂದು ಟಿವಿ ಇದ್ದವಲ್ಲ, ಅಳಿಯಂದಿರೇ?" ಅಂದೆ.

"ಅತ್ತೆ, ನಾವು ಕರ್ನಾಟಕಕ್ಕೆ ವಾಪಸು ಹೋಗಬೇಕು ಅಂದರೆ ಸಾಹೇಬರೇ ಶಿಫಾರಸು ಮಾಡಬೇಕು. ಅಂಗಡಿಯವನು ಮಾಡ್ತಾನಾ?"

ನಮಗೆಲ್ಲ ಊರು ಸೇರುವ ಆಸೆ. ಮೊಮ್ಮಗಳು ನಿದ್ದೆಯಲ್ಲೂ ತೆಲುಗಿನಲ್ಲೇ ಕನವರಿಸುತ್ತಾಳೆ.

ತಟ್ಟೆಗಳು

ಆ ಟಿವಿಗೆ ಒಂದು ಗುಣ. ಸುಮ್ಮನೆ ಬಿಟ್ಟರೆ ತಾನಾಗಿ ಫೋಟೋ ತೋರಿಸುತ್ತೆ, ಅದೂ ಸಾಹೇಬರದ್ದೇ. ಅವರ ಅಕೌಂಟು ಅದರೊಳಗೇ ಉಳಿದುಬಿಟ್ಟಿತ್ತಂತೆ. ಅವರು ವಿಜಯವಾಡದಲ್ಲಿ ಫೋನಿನಿಂದ ಫೋಟೋ ತೆಗೆದರೆ ವಿಶಾಖಪಟ್ಟಣದಲ್ಲಿ ನಮ್ಮ ಗೋಡೆ ಮೇಲೆ ಬರುತ್ತೆ. ತೆಗೆದುಹಾಕೋಣ ಅಂದರೆ ಅವರಿಗೆ ಸುದ್ದಿ ಹೋಗಿಬಿಡುತ್ತೇನೋ, ನೋಡಿದ್ದೀವಿ ಅಂತ ತಿಳಿದುಬಿಡುತ್ತೇನೋ ಅಂತ ಅಳಿಯಂದಿರಿಗೆ ಹೆದರಿಕೆ.

ನಾನು ಧಾರಾವಾಹಿ ಬಿಟ್ಟು ಅದನ್ನೇ ನೋಡಿದೆ. ಸುಳ್ಳು ಯಾಕೆ, ಯಾವಳಾದರೂ ಸಿಗುತ್ತಾಳೇನೋ ಅಂತಲೇ ನೋಡಿದೆ. ಒಬ್ಬಳೂ ಸಿಗಲಿಲ್ಲ. ಸಿಕ್ಕಿದ್ದು ಬರೀ ತಟ್ಟೆ. ಇಂದ್ರಕೀಲಾದ್ರಿ ಬೆಟ್ಟದ ದೇವಸ್ಥಾನದ ಕೆಳಗೆ ನಿಂತು ಲಡ್ಡು, ಅಂಗಡಿ ಮುಂದೆ ನಿಂತು ಸಕ್ಕರೆ ಪಾಕದ ಕಾಜಾ, ದೋಣಿಯಲ್ಲಿ ಕೂತು ತುಪ್ಪ ಸೋರುವ ಬೊಬ್ಬಟ್ಟು, ಅಂದರೆ ನಮ್ಮ ಹೋಳಿಗೆ. ಈಗಿನವರು ದೇವರಿಗೆ ಕೈಮುಗಿಯೋದು ಮರೆತರೂ ತಿನ್ನೋಕೆ ಮುಂಚೆ ಫೋಟೋ ತೆಗೆಯೋದು ಮರೆಯೋದಿಲ್ಲ.

ಇದರಲ್ಲೇನು ಅಂತೀರಾ? ಸಾಹೇಬರಿಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿ, ಟಿವಿ ಇದ್ದರೆ ಮಗ ಓದೋದಿಲ್ಲ ಅಂತ ಅದನ್ನು ನಮಗೆ ದಾಟಿಸಿ, ಅವನ ಪರೀಕ್ಷೆ ಮುಗಿಯಲಿ ಅಂತ ಇಲ್ಲೇ ಹಿಂದಿನ ರಸ್ತೆಯಲ್ಲಿ ಉಳಿದಿದ್ದಳು. ಕಂಡಕಂಡವರಿಗೆ, "ನಮ್ಮೋರು ಅಲ್ಲಿ ಬರೀ ರಾಗಿ ಗಂಜಿ ಅಮ್ಮ, ಋಷಿ ಆಗಿಬಿಟ್ಟಿದ್ದಾರೆ" ಅಂತ ಹೇಳಿಕೊಂಡು ಓಡಾಡುತ್ತಿದ್ದಳು.

ಗಂಜಿ

ಒಂದು ಸಂಜೆ ಆ ಹೆಂಡತಿಯೇ ಬಂದಳು. ಅಳಿಯಂದಿರು ಓಡಿಹೋಗಿ ಧಾರಾವಾಹಿ ಹಾಕಿ, ರಿಮೋಟು ನನ್ನ ಕೈಗಿಟ್ಟು, "ಅತ್ತೆ, ನಿಮ್ಮ ದಮ್ಮಯ್ಯ, ಇದು ನಿಲ್ಲಬಾರದು. ನಿಂತರೆ ನನ್ನ ವರ್ಗವೂ ನಿಂತಂಗೆ" ಅಂತ ಪಿಸುಗುಟ್ಟಿದರು.

ನಾನು ಗಟ್ಟಿಯಾಗಿ ಹಿಡಿದು ಕೂತೆ. ಆ ಹೆಂಗಸು ಕಾಫಿ ಕುಡಿಯುತ್ತಾ, "ಅಮ್ಮ, ಎಷ್ಟು ಗಲಾಟೆ ಇದು, ನಾಲ್ಕು ಮಾತಾಡೋಣ" ಅಂತ ನನ್ನ ಕೈಯಿಂದಲೇ ರಿಮೋಟು ತಗೊಂಡು ನಿಲ್ಲಿಸಿದಳು. ಅವಳದೇ ಟಿವಿ ಆಗಿತ್ತಲ್ಲ, ಯಾವ ಗುಂಡಿ ಅಂತ ಹುಡುಕಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಸಾಹೇಬರು ಲಡ್ಡು ಹಿಡಿದು ಗೋಡೆ ಮೇಲೆ ಬಂದರು. ಆಮೇಲೆ ಕಾಜಾ. ಆಮೇಲೆ ದೋಣಿ. ಅಳಿಯಂದಿರ ಮುಖ ಬಿಳಿಚಿತು. ಅವಳು ಫೋನು ತೆಗೆದು ಗಂಡನಿಗೆ ಮಾಡಿ ಸ್ಪೀಕರಿಗೆ ಹಾಕಿದಳು.

"ಏನ್ರೀ ಮಾಡ್ತಿದ್ದೀರಾ?"

"ಏನಿದೆಯೇ, ಅದೇ ಗಂಜಿ. ಈಗ ತಾನೇ ಕೂತೆ." ಪಾಪ, ಸಾಹೇಬರ ದನಿಯಲ್ಲಿ ಎಂಥ ವೈರಾಗ್ಯ!

ಅದೇ ಹೊತ್ತಿಗೆ ಗೋಡೆ ಮೇಲೆ ಹೊಸ ಫೋಟೋ: ಬಟ್ಟಲ ತುಂಬ ಶಾವಿಗೆ ಪಾಯಸ.

ಅವಳು ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿ ಹೇಳಿದಳು: "ರೀ, ಗಂಜಿಗೆ ಗೋಡಂಬಿ ಸ್ವಲ್ಪ ಜಾಸ್ತಿಯಾಯ್ತು."

ಆ ಕಡೆಯಿಂದ ಚಮಚ ಬಿದ್ದ ಸದ್ದು. ಹೇಗೆ ಗೊತ್ತಾಯಿತು ಅಂತ ಆ ಗಟ್ಟಿಗಿತ್ತಿ ಗಂಡನಿಗೆ ಬಾಯಿ ಬಿಡಲೇ ಇಲ್ಲ.

ಮರುದಿನ ಸಾಹೇಬರು ಅಳಿಯಂದಿರಿಗೆ ಫೋನು ಮಾಡಿದರು. "ನಿಮ್ಮ ಅತ್ತೆಗೆ ವಿಜಯವಾಡದಲ್ಲಿ ಇನ್ನೂ ಯಾರಾದರೂ ಪರಿಚಯದವರು ಇದ್ದಾರೇನ್ರೀ?"

ಅಳಿಯಂದಿರು ಸತ್ಯವಂತರು. "ಎಲ್ಲರೂ ಪರಿಚಯ, ಸಾರ್" ಅಂದರು.

ಅಷ್ಟೇ. ನಾನು ಬಾಯಿ ತೆರೆಯದೆ ಇದ್ದ ಒಂದೇ ಒಂದು ವಿಷಯಕ್ಕೆ ನನ್ನ ಮೇಲೆ ಅಪವಾದ, ವಿಜಯವಾಡದವರಿಂದ ಕೇಳಿ ನಾನೇ ಅವರ ಹೆಂಡತಿಯ ಕಿವಿಗೆ ಊದಿದೆ ಅಂತ. ಆ ಮುದುಕಿ ಆಂಧ್ರದಲ್ಲೇ ಇರಕೂಡದು ಅಂತ ಸಾಹೇಬರು ನಮ್ಮ ವರ್ಗಕ್ಕೆ ಶಿಫಾರಸು ಮಾಡಿ, ತಾವೇ ಬೆನ್ನುಹತ್ತಿ ಮಾಡಿಸಿಕೊಟ್ಟರು.

ನಾವು ಗಂಟುಮೂಟೆ ಕಟ್ಟುವಾಗ ಸಾಹೇಬರ ಹೆಂಡತಿ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಗೋಡೆ ಕಡೆ ಕೈ ತೋರಿಸಿ, "ಟಿವಿ ಮಾತ್ರ ನನಗೇ ಬಿಟ್ಟುಹೋಗಿ ಅಮ್ಮ. ಉಗಾದಿ ಹತ್ತಿರ ಬಂತು. ನಮ್ಮೋರು ಎಷ್ಟು ತುಪ್ಪ ಹಾಕಿಕೊಂಡು ಗಂಜಿ ಕುಡೀತಾರೋ ನೋಡಬೇಕು" ಅಂದಳು.