ಭೀಮಸಿ ಬಡಿದ ರೊಟ್ಟಿ

ಮಂಗಸೂಳಿಯ ಮದುವೆ ಹಂದರದಲ್ಲಿ, ಎರಡೂ ಕಡೆಯ ಬೀಗರ ಎದುರಿಗೆ, ಭೀಮಸಿ ತಾರವ್ವನಿಗೆ ಒಂದು ಮಾತು ಕೊಟ್ಟಿದ್ದ. ಕೊಡಬೇಕೆಂದು ಕೊಟ್ಟದ್ದಲ್ಲ. ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿದ ಹೊರತು ಮದುಮಗನನ್ನು ಒಳಗೆ ಬಿಡುವುದಿಲ್ಲವೆಂದು ಹೆಂಗಸರು ಬಾಗಿಲಿಗೆ ಅಡ್ಡ ನಿಂತಿದ್ದರು. ಬೆಳಗಿನಿಂದ ಉಪವಾಸವಿದ್ದ ಭೀಮಸಿಯ ಮೂಗಿಗೆ ಒಳಗಿನಿಂದ ರೊಟ್ಟಿಯ ವಾಸನೆ ಬಡಿಯುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ:

"ಒಲಿ ಮ್ಯಾಲ ಹಂಚ, ಹಂಚಿನ ಮ್ಯಾಲ ರೊಟ್ಟಿ ಬಿಸಿ ಬಿಸಿ,
ತಾರವ್ವ ಮೊದಲ ತಿಂದ ಮ್ಯಾಲನ ತಿನ್ನಾಂವ ಈ ಭೀಮಸಿ!"

ಹೆಂಗಸರು ನಕ್ಕು ದಾರಿ ಬಿಟ್ಟರು. ಭೀಮಸಿ ಒಳಗೆ ಹೋಗಿ ಎಲ್ಲರಿಗಿಂತ ಮೊದಲು ಉಂಡ.

ಅದಾಗಿ ಹನ್ನೆರಡು ವರ್ಷ. ಈಗ ಅವನಿಗೆ ರಾಯಬಾಗದ ಅಂಚಿನಲ್ಲಿ ಎರಡು ಕೋಣೆಯ ಮನೆ, ಒಂದು ಆಕಳು, ಮಂಗಲ ಎಂಬ ಒಬ್ಬಳೇ ಮಗಳು, ಮತ್ತು ಮುರಗೆಪ್ಪನವರ ಟ್ರ್ಯಾಕ್ಟರಿನ ಮೇಲೆ ಡ್ರೈವರಿಕೆ. ಮಾತನ್ನು ಅವನು ಮರೆತಿದ್ದ. ಆದರೆ ದಿಬ್ಬಣದ ಜೊತೆ ಹೋಗಿದ್ದ ಪಕ್ಕದ ಮನೆಯ ಕೆಂಪವ್ವ ಮರೆತಿರಲಿಲ್ಲ. ಕೆಂಪವ್ವನ ತಲೆಯೊಳಗೆ ಓಣಿಯ ಪ್ರತಿ ಮದುವೆಯ ಒಡಪೂ ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿತ್ತು. ಒಂದು ಶನಿವಾರ ಓಣಿಯಲ್ಲಿ ಮದುವೆಯೊಂದು ನಡೆದಾಗ ಅದನ್ನು ತೆಗೆದು ಎಲ್ಲರಿಗೂ ಬಡಿಸಿದಳು.

"ಏನಬೇ ತಾರವ್ವಾ, ನಿನ್ನ ಗಂಡ ಇಷ್ಟ ಚಂದ ಒಡಪ ಹಾಕಿದ್ದ. ಬಿಸಿ ರೊಟ್ಟಿ ತಿನಿಸಿದ್ನಿಲ್ಲ?"

"ಹನ್ನೆರಡ ವರ್ಸ ಆತ ನೋಡಕ್ಕಾ," ತಾರವ್ವ ಸೆರಗು ಸರಿಮಾಡಿಕೊಳ್ಳುತ್ತ ಅಂದಳು, "ರೊಟ್ಟಿ ಇನ್ನಾ ಹಂಚಿನ ಮ್ಯಾಲನ ಐತಿ."

ಹಂದರವೆಲ್ಲ ನಕ್ಕಿತು. ಭೀಮಸಿಯೂ ನಕ್ಕ, ಆದರೆ ಹಲ್ಲಿನ ನಡುವೆ ಕಲ್ಲು ಸಿಕ್ಕವರ ಹಾಗೆ. ಅವನಿಗೆ ನಿಜವಾಗಿ ನೆನಪಾದದ್ದು ಆಗಲೇ. ತಾರವ್ವ ದಿನಾ ಎಲ್ಲರಿಗೂ ಬಡಿಸಿ, ಕಡೆಗೆ ಬುಟ್ಟಿಯ ತಳದ ಆರಿದ ರೊಟ್ಟಿಯನ್ನು ಒಲೆಯ ಮುಂದೆ ಒಬ್ಬಳೇ ಕುಳಿತು ತಿನ್ನುತ್ತಿದ್ದಳು. ಸತ್ತುಹೋದ ಅವನ ತಾಯಿ ಕಾಳವ್ವ ಹಾಕಿಕೊಟ್ಟ ಕಟ್ಟಳೆ ಅದು: ಮೊದಲ ರೊಟ್ಟಿ ಆಕಳಿಗೆ, ಕಡೆಯದು ಸೊಸೆಗೆ.

ಮರುದಿನ ಭಾನುವಾರ. ಕಬ್ಬಿನ ಹಂಗಾಮು ಮುಗಿದು ಟ್ರ್ಯಾಕ್ಟರು ಬೇವಿನ ಗಿಡದ ಕೆಳಗೆ ನಿಂತಿತ್ತು. ತಾರವ್ವ ಒಲೆಯ ಹತ್ತಿರ ಹೋಗುವಷ್ಟರಲ್ಲಿ ಭೀಮಸಿ ತಲೆಯ ಪಟಕಾ ಬಿಚ್ಚಿ ಸೊಂಟಕ್ಕೆ ಸುತ್ತಿ ಅಲ್ಲಿ ಕುಳಿತುಬಿಟ್ಟಿದ್ದ.

"ಇವತ್ತ ನೀ ಕಟ್ಟಿ ಮ್ಯಾಲ ಕುಂದರಬೇಕ. ರೊಟ್ಟಿ ನಾ ಬಡೀತೀನಿ."

"ಹುಚ್ಚ ಹಿಡದೈತೇನ್ರಿ?"

"ನೀ ಬಿಸಿ ರೊಟ್ಟಿ ತಿನ್ನೂತನಕಾ ನಾ ಹನಿ ನೀರೂ ಬಾಯಾಗ ಹಾಕಂಗಿಲ್ಲ. ಮುಗೀತ."

ತಾರವ್ವನ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಗಾಬರಿ ಕಂಡಿತು. "ಹಂಗಾರ ಒಂದ ಮಾತ ಕೇಳ್ರಿ. ಮೊದಲನೇದೊಂದ ನಾ ಬಡಿತೀನಿ. ಆಕಳಿಗೆ ಹಾಕಿ ಬರ್ತೀನಿ. ಆಮ್ಯಾಲಿಂದೆಲ್ಲಾ ನೀವ ಬಡೀರಿ."

"ಆಕಳಿಗೂ ನಾನ ಹಾಕತೀನಿ. ಏಳ, ಹೊರಗ ನಡಿ."

"ಆಕಳಿಗೆ ನನ್ನ ಕೈಯಾಂದ ರೂಢಿ ಐತ್ರಿ..."

"ಆಕಳ ಬಾಯಿಗೆ ಕೈ ಯಾರದಾದ್ರೇನ?" ಎಂದು ಅವಳನ್ನು ಕಟ್ಟೆಯವರೆಗೆ ನೂಕಿ, ಮಣೆ ಹಾಕಿ ಕೂಡಿಸಿ ಬಂದ.

ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರನ್ನು ರಾಯಬಾಗದ ಸಂತೆಯ ನಡುವೆ ಹಿಂದಕ್ಕೆ ಹೊಡೆಯಬಲ್ಲವನಿಗೆ ಹಿಡಿ ಹಿಟ್ಟು ಒಂದು ಲೆಕ್ಕವೇ? ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದು ಕೈ ಹಾಕಿದ. ಕೈ ತೆಗೆದ ವೇಗಕ್ಕೆ ಹಿಟ್ಟು ಗೋಡೆಯ ಮಾಡಕ್ಕೆ ಹಾರಿತು. ಎರಡನೆಯ ಸಲ ನೀರು ಹೆಚ್ಚಾಯಿತು, ಹಿಟ್ಟು ಸೇರಿಸಿದ. ಹಿಟ್ಟು ಹೆಚ್ಚಾಯಿತು, ನೀರು ಸೇರಿಸಿದ. ಸ್ವಲ್ಪ ಹೊತ್ತಿಗೆ ಪರಾತದಲ್ಲಿ ಒಂದು ಸಣ್ಣ ಮನೆಯ ಗೋಡೆಗೆ ಗಿಲಾಯಿ ಮೆತ್ತುವಷ್ಟು ಹಿಟ್ಟಿತ್ತು.

ಮೊದಲನೆಯ ರೊಟ್ಟಿ ಬಡಿಯುವಾಗಲೇ ಹರಿಯಿತು. ಎರಡನೆಯದು ಹಂಚಿಗೆ ಹತ್ತಿಕೊಂಡು, ಮೊಳೆ ಹೊಡೆದಂತೆ ಕುಳಿತಿತು. ಮೂರನೆಯದರ ಒಂದು ಮಗ್ಗಲು ಇದ್ದಿಲಾಗಿ ಇನ್ನೊಂದು ಮಗ್ಗಲು ಹಸಿ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಮಂಗಲ ಕೇಳಿದಳು, "ಅಪ್ಪಾ, ಇದಕ್ಕ ಟೈರ್ ಪಂಚರ್ ಆಗೇತೇನ?"

ಭೀಮಸಿ ಅದನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದ. ಆಕಳು ರೊಟ್ಟಿಯನ್ನು ಮೂಸಿತು, ಅವನ ಮುಖ ನೋಡಿತು, ಒಂದು ಹೆಜ್ಜೆ ಹಿಂದೆ ಸರಿದು ಮುಖ ತಿರುಗಿಸಿತು. ಬಾಯಿಗೆ ಹಿಡಿದರೆ ನಾಲಿಗೆಯಿಂದ ನೂಕಿ ಕೆಡವಿತು.

"ಹನ್ನೆರಡ ವರ್ಸ ದಿನಾ ತಿಂದಿ! ನನ್ನ ರೊಟ್ಟಿ ಅಂದ್ರ ಅಷ್ಟ ಕೀಳೇನಲೇ?" ಎಂದು ಆಕಳಿಗೆ ಬೈದು, ಇನ್ನಷ್ಟು ಹಟ ಹಿಡಿದು ಒಲೆಗೆ ಮರಳಿದ.

ಹೊರಗೆ ತಾರವ್ವನಿಗೆ ಸುಮ್ಮನೆ ಕೂಡುವುದು ಗೊತ್ತಿರಲಿಲ್ಲ. ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಗಲ್ಲದ ಮೇಲೆ ಇಡುತ್ತಿದ್ದಳು. ಅದನ್ನು ನೀರಿಗೆ ಹೊರಟ ಕೆಂಪವ್ವ ಕಂಡಳು. ತಾರವ್ವ ಹೊತ್ತೇರಿದರೂ ಕಟ್ಟೆಯ ಮೇಲೆ, ಹೊಗೆ ಒಳಗಿನಿಂದ, ಕೆಮ್ಮು ಗಂಡಸಿನದು.

ಕೆಂಪವ್ವ ಮಾರುದ್ದ ದೂರ ನಿಂತು ಸೀರೆ ಬಿಗಿ ಹಿಡಿದುಕೊಂಡಳು. "ಹೊರಗ ಕುಂತಿಯೇನಬೇ? ಕೊಡ ಇಲ್ಲೆ ಇಡ, ನೀರ ನಾ ತಂದ ಹಾಕತೀನಿ."

"ಇಲ್ಲಕ್ಕಾ, ನಾ ಹೊರಗ ಕುಂತಿಲ್ಲ."

"ಖರೇನ?"

"ಖರೇನ. ಅವರ ಸುಮ್ಮನ ಕುಂದರ ಅಂದಾರ."

ಕೆಂಪವ್ವ ಕೊಡವನ್ನು ನೆಲಕ್ಕಿಟ್ಟಳು. ಮೂರು ದಿನ ಹೊರಗೆ ಕುಳಿತವಳಲ್ಲ. ಜ್ವರವಿಲ್ಲ. ಗಂಡ ಕೆಲಸ ಮುಟ್ಟಗೊಡುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ.

"ಯವ್ವಾ! ಮಂಗಲನ ಬೆನ್ನ ಮ್ಯಾಲ ಇಷ್ಟ ವರ್ಸಕ್ಕ! ನನಗೂ ಹೇಳವಲ್ಲಿ ಅಲ್ಲ!"

"ಅಯ್ಯ, ಹಂಗೇನಿಲ್ಲಕ್ಕಾ!"

"ಇಲ್ಲ ಅನ್ನೂ ಮಾರಿನ ಹೇಳತೈತಿ ಬಿಡ."

ಕೆಂಪವ್ವನ ಕೊಡ ಅಲ್ಲೇ ಉಳಿಯಿತು, ಸುದ್ದಿ ಓಣಿ ತುಂಬಿತು. ಬಸಿರಿಯ ಬಯಕೆ ತೀರಿಸಿದರೆ ಪುಣ್ಯವೆಂದು ಒಬ್ಬೊಬ್ಬರು ಒಂದೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಕೆಂಪವ್ವನ ಕಡಬು, ಕಸ್ತೂರೆವ್ವನ ಎಣ್ಣೆಗಾಯಿ, ಜಿನಮತಿಬಾಯಿಯ ಹುಣಸೆ ಚಿಗಳಿ ಕಟ್ಟೆಯ ಮೇಲೆ ಸಾಲುಗಟ್ಟಿದವು. ತಾರವ್ವ ಯಾವುದನ್ನೂ ಮುಟ್ಟಲಿಲ್ಲ.

"ಅವರ ರೊಟ್ಟಿ ಬರೂತನಕಾ ನಾನೂ ಏನೂ ತಿನ್ನಂಗಿಲ್ರಿ. ಅವರೂ ಉಪಾಸ ಅದಾರ."

"ನೋಡ್ರೆ, ಗಂಡನ ಕೈಯಾಗಿನ ರೊಟ್ಟಿನ ಬೇಕಂತ," ಕೆಂಪವ್ವ ಉಳಿದವರಿಗೆ ಅರ್ಥ ಬಿಡಿಸಿ ಹೇಳಿದಳು, "ಬಯಕಿ ಅಂದ್ರ ಹಿಂಗ ಇರತಾವ."

ಟ್ರ್ಯಾಕ್ಟರಿನ ಮಾಲಕ ಮುರಗೆಪ್ಪನವರಿಗೂ ಸುದ್ದಿ ಮುಟ್ಟಿ, ಅವರು ಅಡುಗೆಮನೆಯ ಕಿಡಕಿಯಿಂದ ಇಣುಕಿದರು. ಹೊಗೆಯೊಳಗೆ ಎರಡು ಕೆಂಪು ಕಣ್ಣು ಮಾತ್ರ ಕಾಣುತ್ತಿದ್ದವು.

"ಶಾಬಾಸ್ ಭೀಮಸಿ! ಇಷ್ಟ ವರ್ಸಕ್ಕಾದ್ರೂ ಮನಸ ಮಾಡಿದಿ."

"ಮಾಡಬೇಕ್ರಿ ಸಾವಕಾರ್ರ. ಎಲ್ಲಾರ ಮುಂದ ಮಾತ ಕೊಟ್ಟಿದ್ನಿ."

"ಎಲ್ಲಾರ ಮುಂದ?" ಮುರಗೆಪ್ಪ ಬೆರಗಾದರು. "ಇರಲಿ. ಇದೊಂದಕ್ಕ ಮುಗಸ್ತಿಯಿಲ್ಲ?"

"ಒಂದ ಯಾಕ್ರಿ? ಕೈ ಕೂತಿತಂದ್ರ ಸಂಜಿತನಕಾ ಹತ್ತರ ಮಾಡ್ತೀನಿ."

ಮುರಗೆಪ್ಪನವರ ರುಮಾಲು ಕಿಡಕಿಯ ಸರಳಿಗೆ ಸಿಕ್ಕಿ ಅಲ್ಲೇ ಉಳಿಯಿತು. ಅವರು ಬರಿತಲೆಯಲ್ಲೇ ಹಿಂದೆ ಸರಿದರು.

ಅಷ್ಟಕ್ಕೆ ನಿಲ್ಲಲಿಲ್ಲ. ಯಾರೋ ಪುಣ್ಯಾತ್ಮರು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮಂಗಸೂಳಿಗೆ ಫೋನು ಹೊಡೆದಿದ್ದರು. ಹೊತ್ತು ಬಾಗುವಷ್ಟರಲ್ಲಿ ತಾರವ್ವನ ತಮ್ಮ ಕಾಕಾಸಾಹೇಬ ಧೂಳಿನಲ್ಲಿ ಮಿಂದು ರಾಜದೂತ್ ಮೋಟಾರ್ ಸೈಕಲ್ಲಿನಿಂದ ಇಳಿದ. ಒಂದು ಕೈಯಲ್ಲಿ ಹಸಿರು ಸೀರೆ, ಇನ್ನೊಂದರಲ್ಲಿ ದ್ರಾಕ್ಷಿಯ ಬುಟ್ಟಿ.

"ಅಕ್ಕಾ! ತವರಮನಿಗೆ ಕಡೀಕ ತಿಳೀಬೇಕೇನ?"

"ಎಪ್ಪಾ, ಏನೂ ಇಲ್ಲೋ!" ತಾರವ್ವ ಅಳುವುದೊಂದು ಬಾಕಿ. ಹಸಿವಿನಿಂದ ಅವಳ ಮುಖ ಬಾಡಿತ್ತು. ಅದನ್ನು ಕಂಡು ಕೆಂಪವ್ವ ಕಾಕಾಸಾಹೇಬನಿಗೆ ಪಿಸುಗುಟ್ಟಿದಳು, "ಮಾರಿ ಕಳಿ ನೋಡ, ಗಂಡ ಹುಡುಗನ."

ಒಳಗೆ ಭೀಮಸಿಗೆ ಇದಾವುದೂ ತಿಳಿಯದು. ಅವನ ಬೆರಳುಗಳೆಲ್ಲ ಬೊಬ್ಬೆ, ಹುಬ್ಬು ಅರ್ಧ ಸುಟ್ಟಿತ್ತು, ಹೊಟ್ಟೆಯಲ್ಲಿ ಡೀಸೆಲ್ ಮುಗಿದ ಇಂಜಿನಿನ ಸದ್ದು. ಆದರೂ ಏಳಲಿಲ್ಲ. ಪರಾತದ ತಳದಲ್ಲಿ ಕಡೆಯ ಒಂದು ಮುಟಗಿ ಹಿಟ್ಟು ಉಳಿದಿತ್ತು. ಅದನ್ನು ಮಗುವಿನ ಮೈ ಉಜ್ಜಿದ ಹಾಗೆ ಮೆಲ್ಲಗೆ ನಾದಿದ. ಬಡಿಯುವಾಗ ಉಸಿರು ಹಿಡಿದ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಹೊರಳಿಸಿ, ಬೆಂಕಿಗೆ ಆನಿಸಿದ. ರೊಟ್ಟಿ ಸ್ವಲ್ಪ ಯೋಚನೆ ಮಾಡಿತು. ಆಮೇಲೆ ಉಸಿರೆಳೆದುಕೊಂಡಂತೆ ಅಂಚಿನಿಂದ ಅಂಚಿಗೆ ಉಬ್ಬಿತು!

"ಉಬ್ಬಿತು!" ಎಂದು ಭೀಮಸಿ ಕೂಗಿದ. ಅದನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತ ಹೊರಗೆ ಓಡಿಬಂದು, ಅಂಗಳದಲ್ಲಿ ಅರ್ಧ ಓಣಿಯನ್ನು ಕಂಡು ನಿಂತ. ತನ್ನ ರೊಟ್ಟಿ ನೋಡಲು ಇಷ್ಟು ಜನವೇ ಎಂದು ಅವನ ಎದೆಯೂ ರೊಟ್ಟಿಯ ಜೊತೆಗೆ ಉಬ್ಬಿತು.

"ತಾರಾ, ಬಾಯಿ ತಗಿ."

"ತಡಿ, ತಡಿ!" ಕೆಂಪವ್ವ ನಡುವೆ ಕೈ ಅಡ್ಡ ಹಿಡಿದಳು. "ಹಸಿ ರೊಟ್ಟಿ ತಿನಿಸಿ ಹೊಟ್ಟಿ ಕಡತ ತರಸ್ತಿಯೇನ? ಬೆಂದೈತೋ ಇಲ್ಲೋ, ಮೊದಲ ನೋಡ!"

"ಹೌದ ಮಾಮಾ, ನೋಡಿ ಕೊಡ," ಎಂದ ಕಾಕಾಸಾಹೇಬ.

ಎಲ್ಲರೂ ಹೌದೌದೆಂದರು. ಬೆಳಗಿನಿಂದ ಖಾಲಿ ಹೊಟ್ಟೆ, ಮೂಗಿನ ಕೆಳಗೆ ಬಿಸಿ ರೊಟ್ಟಿ. ಭೀಮಸಿಯ ಕೈ ತಾನಾಗಿಯೇ ಒಂದು ತುಂಡು ಮುರಿದು ಬಾಯಿಗೆ ಹಾಕಿತು. ಬೆಂದಿತ್ತು. ಆ ರುಚಿಗೆ ಅವನ ಕಣ್ಣು ಮುಚ್ಚಿದವು. ತೆರೆದಾಗ ಇನ್ನೊಂದು ತುಂಡೂ ಹೋಗಿತ್ತು.

"ಬೆಂದೈತಿ! ಹಿಡಿ, ತಿನ್ನ."

ತಾರವ್ವ ಮುರಿದ ರೊಟ್ಟಿಯನ್ನು ನೋಡಿದಳು. ಕೈ ಮಾತ್ರ ಮುಂದೆ ಬರಲಿಲ್ಲ.

"ಯಾಕ? ಆಕಳೂ ತಿನ್ನಲಿಲ್ಲ, ನೀನೂ ತಿನ್ನವಲ್ಲಿ. ಅಷ್ಟ ಕೆಟ್ಟ ಬಡದೀನೇನ?"

ತಾರವ್ವನಿಗೆ ಅಳುವಿನ ಬದಲು ನಗು ನುಗ್ಗಿ ಬಂತು. "ಆಕಳಿಗೆ ಏನ ಗೊತ್ರಿ ರೊಟ್ಟಿ ರುಚಿ? ಅದು ಒಂದ ದಿನಾ ತಿಂದಿದ್ರಲ್ಲ!"

"ಅಂದ್ರ? ದಿನಾ ಮೊದಲನೇದ ಒಯ್ದ ಹಾಕತಿದ್ದಿ ಅಲ್ಲ?"

"ಒಯ್ತಿದ್ನಿ." ತಾರವ್ವ ಸೆರಗನ್ನು ಬಾಯಿಗೆ ಹಿಡಿದಳು. "ಆಕಳ ಬೆನ್ನಿಗೆ ಆನಿಕಿ ನಿಂತ ನಾನ ತಿಂತಿದ್ನಿ. ಮ್ಯಾಲ ಇಷ್ಟ ಬೆಣ್ಣಿ, ಇಷ್ಟ ಶೇಂಗಾ ಚಟ್ನಿ. ನೀವ ಎಲ್ಲಾರೂ ಏಳೂದ್ರಾಗ."

"ನನಗ ಗೊತ್ತಿತ್ತ," ಎಂದಳು ಮಂಗಲ. "ಒಮ್ಮೊಮ್ಮೆ ನನಗೂ ಅರ್ಧಾ ಕೊಡತಾಳ."

ಭೀಮಸಿಯ ಸುಟ್ಟ ಹುಬ್ಬು ಮೇಲೇರಿತು. "ಹಂಗಾರ ನಿನ್ನೆ ಹಂದರದಾಗ ಹಂಗ್ಯಾಕ ಅಂದಿ?"

"ಮತ್ತ ಆಕಳ ಪಾಲಿಂದ ನಾ ತಿಂತೀನಿ ಅಂತ ಊರ ಮುಂದ ಹೇಳಬೇಕಿತ್ತೇನ್ರಿ? ಅದಕ್ಕ ಮುಂಜಾನಿಂದ ಬಡಕೊಂಡ್ನಿ, ಮೊದಲನೇದೊಂದ ನನಗ ಬಿಡ್ರಿ ಅಂತ. ಸುಮ್ಮನ ಕುಂದರಸಿದ್ರಿ. ಇವರೆಲ್ಲಾ ಬಂದ ನನ್ನ ಬಸಿರ ಮಾಡಿದ್ರ."

"ಬಸಿರಾ?" ಭೀಮಸಿ ಕಟ್ಟೆಯ ಮೇಲಿನ ಕಡಬು, ಹಸಿರು ಸೀರೆ, ಕಿಡಕಿಯಲ್ಲಿ ನೇತಾಡುವ ರುಮಾಲು ನೋಡಿದ. ಮುರಗೆಪ್ಪನವರ ಪ್ರಶ್ನೆ ಈಗ ಅವನ ತಲೆಗೆ ಇಳಿಯಿತು.

"ಹಂಗಾರ ಖರೇನ ಏನೂ ಇಲ್ಲೇನ?" ಎಂದು ಕೆಂಪವ್ವ ಕೇಳಿದಳು.

"ನಾ ಹೇಳ್ಕೋತ ಬಂದೀನಕ್ಕಾ, ಇಲ್ಲ ಅಂತ."

ಕೆಂಪವ್ವ ಕಡಬಿನ ತಾಟನ್ನು ಎತ್ತಿಕೊಂಡಳು. ಅವಳ ಹಿಂದೆ ಎಣ್ಣೆಗಾಯಿ ಹೋಯಿತು, ಅದರ ಹಿಂದೆ ಚಿಗಳಿ ಹೋಯಿತು. ಕಾಕಾಸಾಹೇಬ ಸೀರೆಯನ್ನು ಬಿಟ್ಟು ಹೋಗಬೇಕೋ ಒಯ್ಯಬೇಕೋ ತಿಳಿಯದೆ ನಿಂತು, ಹಸಿವು ತಡೆಯಲಾರದೆ ಭೀಮಸಿಯ ಕೈಯಲ್ಲಿದ್ದ ರೊಟ್ಟಿಯನ್ನು ತೆಗೆದುಕೊಂಡು ದ್ರಾಕ್ಷಿಯ ಜೊತೆ ತಿಂದುಬಿಟ್ಟ.

"ಚಲೋ ಆಗೇತಿ ಮಾಮಾ. ಇನ್ನೊಂದ ಐತೇನ?"

ತಾರವ್ವ ಎದ್ದು, ಗಂಡನ ಸೊಂಟದಿಂದ ಪಟಕಾ ಬಿಚ್ಚಿ ಅವನ ಕೈಗೆ ಕೊಟ್ಟು, ಗೋಡೆಯ ಮಾಡಕ್ಕೆ ಅಂಟಿದ ಹಿಟ್ಟನ್ನು ತಿಕ್ಕಲು ಒಳಗೆ ಹೋದಳು. "ನಾಳಿಂದ ಒಲಿ ಮುಟ್ಟಬ್ಯಾಡ್ರಿ" ಎಂಬುದಷ್ಟೇ ಹೊರಗೆ ಕೇಳಿಸಿತು.

ಮಂಗಸೂಳಿಯ ಹಂದರದಲ್ಲಿ ಭೀಮಸಿ ಕೊಟ್ಟ ಮಾತು ಹನ್ನೆರಡು ವರ್ಷ ಅವನಿಗೆ ಗೊತ್ತಿಲ್ಲದೆ ನಡೆದಿತ್ತು. ಆ ಭಾನುವಾರ ಮುರಿಯಿತು.