ಮೊದಲ ಪುಟಕ್ಕೆ ಬಂದ ಒಂಬತ್ತು ಗಜದ ಸೀರೆ

ಆ ದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದೆ, ಒಂದು ಬುಟ್ಟಿ ರೊಟ್ಟಿ ಬಡಿದೆ, ನಳ ಬಂದಾಗ ಎರಡು ಹಂಡೆ ತುಂಬಿದೆ, ಉಪ್ಪಿನಕಾಯಿ ಭರಣಿಯನ್ನು ಬಿಸಿಲಿಗಿಟ್ಟೆ, ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ, ಮತ್ತು ಇಂಟರ್ನೆಟ್ಟಿನಲ್ಲಿ ನಮ್ಮ ಅಂಗಡಿಯನ್ನು ಮೊದಲ ಪುಟಕ್ಕೆ ತಂದೆ. ಕೊನೆಯ ಕೆಲಸಕ್ಕೆ ತಿಂಗಳುಗಳೇ ಹಿಡಿದಿದ್ದವು, ನಿಜ. ಆದರೆ ಅದು ಗೊತ್ತಾದದ್ದು ಆ ದಿನ. ಆದ್ದರಿಂದ ರೊಟ್ಟಿಯ ಜೊತೆಗೇ ಸೇರಿಸಿದ್ದೇನೆ.

ಹೀಗೆ ಬರೆದಿಡುವುದು ನನ್ನ ಹಳೆಯ ಚಟ. ಏನು ಅಡುಗೆ, ಯಾವ ಗಿರಾಕಿ ಏನು ಕೇಳಿದರು, ರಾತ್ರಿ ಯಾರು ಮೊದಲು ಮಲಗಿದರು, ಎಲ್ಲವೂ ಡೈರಿಯಲ್ಲಿರುತ್ತದೆ. "ಯಾರ ಮದಲ ಮಲಗಿದ್ರು ಅಂತ ಬರದಿಟ್ಟು ಯಾರಿಗೆ ತೋರಸಾಕಿ ಅದಿ?" ಎಂದು ನಮ್ಮವರು ಕಾಡುತ್ತಾರೆ. ಕಾಡದೆ ಏನು ಮಾಡಿಯಾರು? ಆ ಜಾಗದಲ್ಲಿ ವರ್ಷವಿಡೀ ಅವರದೇ ಹೆಸರು.

ಬನಹಟ್ಟಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ಅಂಗಡಿ. ಹಿಂದಿನ ಖೋಲಿಯಲ್ಲಿ ಒಂದು ಕೈಮಗ್ಗ. ಚಿಮ್ಮಡದಿಂದ ದಿನಾ ಟಂಟಂ ಆಟೋ ಹತ್ತಿ ಬರುವ ಗಂಗವ್ವ ಅದರಲ್ಲಿ ಒಂಬತ್ತು ಗಜದ ಸೀರೆ ನೇಯುತ್ತಾಳೆ. ಕಚ್ಚೆ ಹಾಕಿ ಉಡುವವರು ಕಡಿಮೆಯಾಗಿ ಸೀರೆಗಳು ಕಪಾಟಿನಲ್ಲೇ ಉಳಿದಾಗ ನಮ್ಮವರು, "ದೀಪಾವಳಿ ಮಟಾ ನೋಡೂಣು. ಆಮ್ಯಾಲ ಮಗ್ಗ ಬಿಚ್ಚಿ ಇಡೂಣು" ಎಂದರು. ಆ ದಿನ ಗಂಗವ್ವ ಚಹಾ ಅರ್ಧಕ್ಕೇ ಬಿಟ್ಟಳೆಂದು ಡೈರಿಯಲ್ಲಿದೆ.

ಅದಕ್ಕೇ ಜಮಖಂಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶೈಲಾಳ ಕೈಯಿಂದ ವೆಬ್‌ಸೈಟ್ ಮಾಡಿಸಿದೆವು. ಒಕ್ಕಣೆ ನಮ್ಮವರದು. ಜೀವಮಾನದಲ್ಲಿ ಅವರು ಅಚ್ಚಿಗೆ ಬರೆದುಕೊಟ್ಟದ್ದೆಂದರೆ ಮದುವೆ ಪತ್ರಿಕೆ ಮಾತ್ರ. ಇದೂ ಹಾಗೇ ಆಯಿತು. ನೆತ್ತಿಯ ಮೇಲೆ ಕುಲದೇವರ ಪ್ರಸನ್ನ, ಕೆಳಗೆ ಸ್ವಾಗತ ಕೋರುವ ಇಪ್ಪತ್ತೆರಡು ಹಿರಿಯರು. ಮಾತು ಬಿಟ್ಟ ಅವರ ಅಣ್ಣನನ್ನೂ, ಪತ್ರಿಕೆಯಲ್ಲಿ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು, ಸೇರಿಸಿದ್ದರು. ವಿಳಾಸ, ಬೇವಿನ ಗಿಡದ ಎದುರು. ರಸ್ತೆ ಅಗಲ ಮಾಡಿದಾಗಲೇ ಆ ಗಿಡ ಹೋಗಿತ್ತು. ಇಡೀ ಪುಟದಲ್ಲಿ ಸೀರೆ ಎಂಬ ಮಾತೇ ಇರಲಿಲ್ಲ.

"ನಾವ ಏನ ಮಾರತೇವಂತ ಊರಿಗೇ ಗೊತ್ತೈತಿ" ಎಂದರು ನಮ್ಮವರು.

ದಿನಾ ಪೂಜೆ ಮುಗಿಸಿ, ಅಂಗಡಿಯ ಪೂರ್ತಿ ಹೆಸರನ್ನು ಒಂದೇ ಬೆರಳಿನಿಂದ ಒತ್ತಿ ಹುಡುಕುತ್ತಿದ್ದರು. "ನೋಡ, ನಮ್ಮದ ಮದಲ ಬಂತು." ಮುಧೋಳದ ಬೀಗರಿಂದಲೂ ಹುಡುಕಿಸಿದರು, ಅಲ್ಲೂ ಮೊದಲೇ ಬಂತು. ಸೀರೆ ಮಾತ್ರ ಕಪಾಟಿನಿಂದ ಇಳಿಯಲಿಲ್ಲ.

ಕಡೆಗೆ ಶೈಲಾಳನ್ನೇ ಕರೆಸಿದೆ. ಅವಳು ನಮ್ಮವರ ಹುಡುಕಾಟ ನೋಡಿ ನಗು ತಡೆದುಕೊಂಡಳು. "ಕಾಕಾ, ನಿಮ್ಮ ಹೆಸರ ಗೊತ್ತಿದ್ದಾವ್ರು ಬಸ್ ಇಳದ ನೆಟ್ಟಗ ಮನಿಗೇ ಬರತಾರ. ಗೊತ್ತಿಲ್ಲದಾವ್ರು ಏನಂತ ಹುಡಕಬೇಕ್ರಿ? ಗಿರಾಕಿ ಬಾಯಾಗ ಏನ ಕೇಳತಾರ, ಅದನ್ನ ಹಾಂಗ ಬರದ ಕೊಡ್ರಿ."

"ಅದನ್ನೆಲ್ಲಾ ಯಾರ ನೆನಪ ಇಟ್ಟಿರತಾರವಾ?" ಎಂದರು ನಮ್ಮವರು.

ನಾನು ಎದ್ದು, ಟ್ರಂಕಿನಿಂದ ಹನ್ನೊಂದು ಡೈರಿ ತಂದು ಅವರ ಮುಂದೆ ಇಟ್ಟೆ. ಆ ಕ್ಷಣವನ್ನು ನೆನೆದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಹೊಸ ಸೀರೆ ಮೊದಲ ಸಲ ಒಗೆಯುವುದು ಹೇಗೆ, ಕೆಂಪು ಸೆರಗು ಬಣ್ಣ ಬಿಡುತ್ತದೆಯೆ, ಎತ್ತರದ ಹೆಂಗಸಿಗೆ ಒಂಬತ್ತು ಗಜ ಸಾಲುತ್ತದೆಯೆ, ಕೈಮಗ್ಗದ್ದೆಂದು ಗುರುತಿಸುವುದು ಹೇಗೆ. ಹನ್ನೊಂದು ವರ್ಷದ ಗಿರಾಕಿಗಳು ಅದರಲ್ಲಿ ಸಾಲಾಗಿ ಕೂತಿದ್ದರು.

"ಕಾಕೂ, ಇದನ್ನ ಇಷ್ಟ ದಿನ ಎಲ್ಲಿಟ್ಟಿದ್ರಿ?"

"ಟ್ರಂಕಿನ್ಯಾಗ."

ಶೈಲಾ ಒಂದೊಂದು ಪ್ರಶ್ನೆಗೂ ಒಂದೊಂದು ಪುಟ ಮಾಡಿ, ಪ್ರಶ್ನೆಯನ್ನೇ ತಲೆಬರಹವಾಗಿಟ್ಟು, ಮರಾಠಿಯಲ್ಲೂ ಹಾಕಿದಳು. ಉತ್ತರಗಳನ್ನು ನಾನು ಬರೆದೆ. ತಪ್ಪಿದಲ್ಲಿ ಗಂಗವ್ವ ಮಗ್ಗದಿಂದಲೇ ತಿದ್ದಿದಳು. ಬೇವಿನ ಗಿಡ ಹೋಗಿ ಬನಹಟ್ಟಿ ಬಂತು. ಹಿರಿಯರನ್ನು ಕೆಳಗಿನ ಒಂದು ಮೂಲೆಗೆ ಕೂರಿಸಿದೆವು. ನಮ್ಮವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ದೀಪಾವಳಿಗೆ ಒಂಬತ್ತು ದಿನ ಇದ್ದಾಗ, ಅಂದರೆ ಗುಂಡಿ ಹಚ್ಚಿದ ದಿನ, ಸೊಲ್ಲಾಪುರದಿಂದ ಒಬ್ಬ ಹೆಣ್ಣುಮಗಳ ಫೋನು. "ಉದ್ದಾನ ಹೆಂಗಸಿಗೆ ಒಂಬತ್ತು ಗಜ ಸಾಲತೈತೇನು ಅಂತ ಹುಡಕಿದ್ನಿ, ನಿಮ್ಮದ ಮದಲ ಬಂತ್ರಿ. ನಮ್ಮ ಭಜನಿ ಮಂಡಳಿಗೆ ಮೂವತ್ತು ಬೇಕು. ಖರೇ ಕೈಮಗ್ಗದ್ದ ಇರಬೇಕ ನೋಡ್ರಿ."

ಕಪಾಟಿನಲ್ಲಿದ್ದದ್ದು ಹದಿನೆಂಟು. ನಮ್ಮವರು ಹಿಂದಿನ ಖೋಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ಗಂಗವ್ವಾ, ಇನ್ನ ಹನ್ನೆರಡ ನೇಯೂದೈತಿ. ಮಗ್ಗ ಬಿಚ್ಚೂದ ಬ್ಯಾಡ" ಎಂದರು.

ಅವಳು ಲಾಳಿ ನಿಲ್ಲಿಸದೆ, "ನಾ ಯಾವಾಗ ಬಿಚ್ಚತೇನಂದಿದ್ನೋ ಅಣ್ಣಾ?" ಎಂದಳು. ಆ ದಿನ ಅವಳು ಎರಡು ಕಪ್ ಚಹಾ ಕುಡಿದಳು.

ರಾತ್ರಿ ಊಟವಾದ ಮೇಲೆ ಈ ವಿಜಯವನ್ನು ನಾಲ್ಕು ಪುಟ ಬರೆಯಬೇಕೆಂದು ಡೈರಿ ಹಿಡಿದು ಕೂತೆ. ಬೆಳಿಗ್ಗೆ ತೆಗೆದು ನೋಡಿದರೆ ನನ್ನ ಬರಹ ಗುಂಡಿಯವರೆಗೆ ಮಾತ್ರ ಬಂದಿತ್ತು. ಕೆಳಗೆ ನಮ್ಮವರ ದಪ್ಪಕ್ಷರ: "ಊಟ: ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಖುಷಿಗೆ ಮಾದಲಿ, ಹಾಲು. ಮದಲ ಮಲಗಿದಾಕಿ: ಈಕಿ. ಚಾಳೀಸಿನ ಚಷ್ಮಾ ಮೂಗಿನ ಮ್ಯಾಲೇ ಇತ್ತು."