ಮಾವನ ಕಾರಿಗೊಂದು ಸೂರು

"ಈ ಕಾರು ಒಂದೇ ಒಂದು ರಾತ್ರಿ ಕೂಡ ಮಳೆಯಲ್ಲಿ ನೆನೆಯಲ್ಲ ಮಾವ. ಇದು ನನ್ನ ಮಾತು."

ಹೊಲಗಳ ನಡುವಿನ ನಾಲ್ಕಾರು ಮನೆಗಳ ಕೇರಿಗೆ ಸಂಸಾರ ಸಮೇತ ಬಂದ ವರ್ಷ, ಕೈಗೆ ಬಿದ್ದ ಕಾರಿನ ಕೀಲಿಯ ಸಂಭ್ರಮದಲ್ಲಿ ಬೇಕರಿಯವನು ಹೀಗೆ ಅಂದುಬಿಟ್ಟಿದ್ದ. ಮಾವ ತಮ್ಮ ಹಳೆಯ ಕಾರಿನ ಬೆನ್ನು ಸವರಿ, "ನೆನೆದ ದಿನ ಬಂದು ವಾಪಸ್ ತಗೊಂಡು ಹೋಗ್ತೀನಿ. ಮಗಳನ್ನ ಬೇಕಾದ್ರೆ ನೀವೇ ಇಟ್ಕೊಳ್ಳಿ," ಎಂದಿದ್ದರು. ಎಲ್ಲರೂ ನಕ್ಕಿದ್ದರು. ಮಾವ ಮಾತ್ರ ನಕ್ಕಿರಲಿಲ್ಲ.

ಅಂದಿನಿಂದ ಕಾರು ಅಂಗಳದಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಮಲಗುತ್ತಿತ್ತು. ಟಾರ್ಪಾಲೂ ಒಂದು ಬಗೆಯ ಸೂರೇ ಎಂದು ಬೇಕರಿಯವನು ತನ್ನ ಮನಸ್ಸಾಕ್ಷಿಯನ್ನೂ ಅದರ ಪಕ್ಕದಲ್ಲೇ ಮಲಗಿಸಿದ್ದ. ಮಾವ ಫೋನಿನಲ್ಲಿ "ಕಾರು ಹೇಗಿದೆ?" ಎಂದಾಗಲೆಲ್ಲ "ಗ್ಯಾರೇಜಲ್ಲಿದೆ ಮಾವ, ಬೆಚ್ಚಗಿದೆ," ಎನ್ನುವುದು ರೂಢಿಯಾಗಿಹೋಗಿತ್ತು. ಮಾವನ ಮಂಡಿನೋವು ಈ ಸುಳ್ಳನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿತ್ತು.

ಆ ಬೆಳಿಗ್ಗೆ ಫೋನು ಬಂತು.

"ಆಪರೇಶನ್ ಆದ್ಮೇಲೆ ಮಂಡಿ ಕುದುರೆ ಹಾಗೆ ಓಡ್ತಿದೆ ಅಳಿಯಂದ್ರೇ! ಸಂಜೆ ಬಸ್ಸಿಗೆ ಬರ್ತಿದೀನಿ. ನಿಮ್ಮ ಗ್ಯಾರೇಜ್ ನೋಡ್ಬೇಕು."

ಬೇಕರಿಯವನು ಫೋನು ಇಟ್ಟು ಕಿಟಕಿಯಿಂದ ನೀಲಿ ಟಾರ್ಪಾಲನ್ನು ನೋಡಿದ. ಕಾರು ಹೋದರೆ ಕೆಲಸವೂ ಹೋದಂತೆ. ನಸುಕಿನಲ್ಲಿ ಪೇಟೆಗೆ ಹೋಗಿ ಒಲೆ ಹೊತ್ತಿಸಬೇಕಾದವನು ಅವನು. ಈ ಕಡೆಯ ಮೊದಲ ಬಸ್ಸು ಹೊರಡುವ ಹೊತ್ತಿಗೆ ಪೇಟೆಯ ಜನ ಬ್ರೆಡ್ಡು ತಿಂದು ಬಾಯಿ ಒರೆಸಿಕೊಂಡಿರುತ್ತಾರೆ.

"ಇವತ್ತೇ ಬರ್ಬೇಕಾ ಇವರು?" ಎಂದ ಹೆಂಡತಿಗೆ. "ಗ್ಯಾರೇಜಿನ ಜಾಗ ನೋಡೋಕೆ ಇನ್‌ಸ್ಪೆಕ್ಟ್ರೂ ಇವತ್ತು ಸಂಜೇನೇ ಬರೋದು."

"ಅಪ್ಪನಿಗೆ ಸುಳ್ಳು ಹೇಳಿದ್ದು ನಾನಲ್ಲ," ಎಂದು ಅವಳು ಒಗೆದ ಬಟ್ಟೆ ಮಡಿಸುವುದನ್ನು ಮುಂದುವರಿಸಿದಳು.

ಮನೆ ಕಟ್ಟಿ ನೋಡು ಎಂದ ಹಿರಿಯರು ಗ್ಯಾರೇಜು ಕಟ್ಟಿ ನೋಡಿರಲಿಲ್ಲ. ಕೊನೆಗೂ ಧೈರ್ಯ ಮಾಡಿ ಅವನು ಕಟ್ಟಡ ಕಚೇರಿಗೆ ಅರ್ಜಿ ಹಾಕಿದ್ದ. ಅಲ್ಲಿನ ನಿಯಮ ಸರಳ: ಕಟ್ಟಬೇಕಾದ ಜಾಗದಲ್ಲಿ ನಾಲ್ಕು ಗಳ ನೆಟ್ಟು, ಗೋಡೆ ಬರುವ ಎತ್ತರಕ್ಕೆ ದಾರ ಎಳೆದು ತೋರಿಸಬೇಕು. ನೆರೆಹೊರೆಯವರು ನೋಡಿ, ಆಕ್ಷೇಪ ಇದ್ದರೆ ಇನ್‌ಸ್ಪೆಕ್ಟರ ಮುಂದೆ ಹೇಳಬೇಕು. ಅನುಮತಿಗೆ ಮುಂಚೆ ಒಂದು ಇಟ್ಟಿಗೆ ಇಟ್ಟರೂ ಅರ್ಜಿ ವಜಾ. ಅಂಥವರು ಮತ್ತೆ ಅರ್ಜಿ ಹಾಕುವಂತೆಯೇ ಇಲ್ಲ.

ಮಾವನಿಗೆ ಏನಾದರೂ ಹೇಳಬಹುದು, ಮೊದಲು ಅನುಮತಿ ಕೈಗೆ ಬರಲಿ ಎಂದುಕೊಂಡು ಅವನು ಗಳ ನೆಟ್ಟ, ದಾರ ಎಳೆದ. ಬೆವರು ಒರೆಸಿಕೊಂಡು ತಿರುಗುವಷ್ಟರಲ್ಲಿ ಬೇಲಿಯ ಮೇಲೊಂದು ತಲೆ ಮೂಡಿತ್ತು. ಅದು ರೇಡಿಯೋ ಅತ್ತೆಯದು. ಅವರು ಯಾರಿಗೂ ಅತ್ತೆಯಲ್ಲ, ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಅವರಿರುವಾಗ ಅದರ ಅಗತ್ಯ ಕೇರಿಯಲ್ಲಿ ಯಾರಿಗೂ ಬಿದ್ದಿರಲಿಲ್ಲ.

"ಏನಪ್ಪಾ ಇದು, ಬಟ್ಟೆ ಒಣಗಿಸೋಕಾ?"

"ಗ್ಯಾರೇಜು ಅತ್ತೆ. ಇಷ್ಟು ಎತ್ತರ ಬರುತ್ತೆ."

"ಈ ದಾರ ನನ್ನ ಕಣ್ಣಿಗೆ ಕಾಣಿಸ್ತಾನೇ ಇಲ್ವಲ್ಲೋ. ನನ್ನ ಅಡುಗೆಮನೆ ಕಿಟಕಿಗೆ ಅಡ್ಡ ಬರುತ್ತೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು? ಗೊತ್ತಾಗ್ಲಿಲ್ಲ ಅಂದ್ರೆ ಆಕ್ಷೇಪ ಹೇಳ್ಲೇಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಆಕ್ಷೇಪ ಎಂಬ ಮಾತು ಕಿವಿಗೆ ಬಿದ್ದದ್ದೇ ಬೇಕರಿಯವನು ಮನೆಯೊಳಕ್ಕೆ ಓಡಿದ. ಅತಿಥಿಗಳಿಗೆಂದು ಎತ್ತಿಟ್ಟಿದ್ದ ಕೆಂಪು ಚೌಕಳಿಯ ಹೊದಿಕೆಗಳನ್ನೆಲ್ಲ ತಂದು ದಾರದ ಮೇಲೆ ಇಳಿಬಿಟ್ಟ. ದೂರದಿಂದ ನೋಡಿದರೆ ಇಟ್ಟಿಗೆ ಗೋಡೆಯೇ ಸರಿ.

"ಹಾಂ, ಈಗ ಕಾಣ್ತು," ಎಂದರು ಅತ್ತೆ. "ಆದ್ರೆ ನೆರಳು ಎಲ್ಲಿ ಬೀಳುತ್ತೆ?"

ನೆರಳಿನ ಪ್ರಶ್ನೆಗೆ ಉತ್ತರ ಹೇಳಲು ಎದುರುಮನೆಯ ಗಣಿತದ ಮೇಷ್ಟ್ರು ಆಗಲೇ ಗೇಟು ತೆಗೆದು ಬರುತ್ತಿದ್ದರು. ನಿವೃತ್ತರಾದ ಮೇಲೆ ಲೆಕ್ಕ ಕೇಳುವವರಿಲ್ಲದೆ ಅವರು ಸೊರಗಿದ್ದರು.

"ಗೋಡೆಯ ನೆರಳು ಬೇರೆ, ಮಾಡಿನ ನೆರಳು ಬೇರೆ. ಮಾಡೇ ಇಲ್ಲದೆ ನೆರಳಿನ ಲೆಕ್ಕ ಹಾಕೋದು, ತಲೆ ಇಲ್ಲದವನಿಗೆ ಟೋಪಿ ಅಳತೆ ತಗೊಂಡ ಹಾಗೆ. ಏನಾದ್ರೂ ಹೊದಿಸಿ."

ಹೊದಿಸಲು ಇದ್ದದ್ದು ಒಂದೇ. ಕಾರಿನ ಮೇಲಿನ ನೀಲಿ ಟಾರ್ಪಾಲು ಗಳಗಳ ಮೇಲೇರಿತು. ಮೇಷ್ಟ್ರು ನೆರಳನ್ನು ಹೆಜ್ಜೆ ಹಾಕಿ ಅಳೆದು, ತೊಂದರೆಯಿಲ್ಲ ಎಂದು ಸಾರಿದರು. ಬೇಕರಿಯವನು ನಿಟ್ಟುಸಿರು ಬಿಡುವ ಮುಂಚೆಯೇ ಹಿಂದಿನ ಓಣಿಯ ಬಡಗಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಬಾಗಿಲು ಓಣಿ ಕಡೆ ತೆಗೆಯುತ್ತಾ ಅಣ್ಣಾ? ನನ್ನ ಮರದ ಗಾಡಿ ತಿರುಗೋದು ಅಲ್ಲೇ. ಅಡ್ಡ ಬಂದ್ರೆ ನಾನೂ ಇನ್‌ಸ್ಪೆಕ್ಟ್ರಿಗೆ ಹೇಳ್ಬೇಕಾಗುತ್ತೆ."

"ಬರಲ್ಲಪ್ಪಾ, ಖಂಡಿತ ಬರಲ್ಲ!"

"ನೋಡೇಬಿಡೋಣ." ಬಡಗಿ ಹೋಗಿ, ಯಾರೋ ಬೇಡವೆಂದು ಬಿಟ್ಟುಹೋಗಿದ್ದ ಜೋಡಿಬಾಗಿಲನ್ನು ಚೌಕಟ್ಟಿನ ಸಮೇತ ಹೊತ್ತು ತಂದು ನಿಲ್ಲಿಸಿದ. ಅಭ್ಯಾಸಬಲದಿಂದ ಚಿಲಕವನ್ನೂ ಜಡಿದ.

"ಎಲ್ಲಾ ಸರಿ, ಕಾರು ಹಿಡಿಸುತ್ತಾ ಅದರೊಳಗೆ?" ಎಂದಿತು ಬೇಲಿಯ ಮೇಲಿನ ತಲೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಾರೂ ಒಳಗೆ ಹೋಯಿತು. ಬಡಗಿ ಬಾಗಿಲು ಹಾಕಿದ. ಮೂವರೂ ದೂರ ಸರಿದು ನಿಂತು ನೋಡಿ, "ಆಹಾ!" ಎಂದರು. "ನಮ್ಮ ಆಕ್ಷೇಪ ಏನೂ ಇಲ್ಲಪ್ಪಾ."

ಬೇಕರಿಯವನೂ ನೋಡಿದ. ಕೆಂಪು ಗೋಡೆ, ನೀಲಿ ಮಾಡು, ಚಿಲಕ ಹಾಕಿದ ಬಾಗಿಲು. ಎಷ್ಟು ಚೆನ್ನಾಗಿ ಬಂದಿದೆ ಎಂದುಕೊಂಡವನ ಎದೆ ಮರುಕ್ಷಣವೇ ಧಸಕ್ಕೆಂದಿತು. ಇದು ಗ್ಯಾರೇಜಿನ ಗುರುತಲ್ಲ, ಗ್ಯಾರೇಜೇ!

"ಬಿಚ್ಚಿ! ಬೇಗ ಬಿಚ್ಚಿ ಎಲ್ಲಾನೂ!"

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ನಿಂತ ಸದ್ದಾಯಿತು. ಮೋಡ ಗುಡುಗಿತು. ನಾಲ್ಕು ಹನಿ ಬಿತ್ತು.

ಮಾವ ಕುದುರೆಯಂತೆಯೇ ಬಂದರು. ಅವರ ಪಕ್ಕದಲ್ಲಿ ಚೀಲ ಹೆಗಲಿಗೇರಿಸಿದ ಯುವತಿಯೊಬ್ಬಳು ಕರವಸ್ತ್ರಕ್ಕೆ ಸೀನುತ್ತಾ ಬರುತ್ತಿದ್ದಳು.

"ಅಳಿಯಂದ್ರೇ! ಬಸ್ಸಲ್ಲಿ ನನ್ನ ಪಕ್ಕಾನೇ ಕೂತಿದ್ರು ಇವರು. ಕೇಳಿದ್ರೆ ಇವರೂ ನಿಮ್ಮನೆಗೇ ಬರ್ತಿರೋದಂತೆ! ಕಟ್ಟಡ ಇನ್‌ಸ್ಪೆಕ್ಟ್ರಂತೆ. ದಾರಿಯುದ್ದಕ್ಕೂ ನಿಮ್ಮ ಗ್ಯಾರೇಜಿನ ಬಗ್ಗೇನೇ ಹೇಳ್ಕೊಂಡ್ ಬಂದೆ. ನಮ್ಮ ಅಳಿಯ ಮಾತಿಗೆ ತಪ್ಪೋನಲ್ಲ ಮೇಡಂ, ಕಾರು ತಂದ ವರ್ಷಾನೇ ಕಟ್ಟಿಬಿಟ್ಟ ಅಂತ!"

ಇನ್‌ಸ್ಪೆಕ್ಟರಮ್ಮ ಕೆಂಪು ಗೋಡೆಯನ್ನು ನೋಡಿದಳು. ನೀಲಿ ಮಾಡನ್ನು ನೋಡಿದಳು. ಚಿಲಕವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಅರ್ಜೀಲಿ ಇನ್ನೂ ಕಟ್ಟಬೇಕು ಅಂತ ಬರೆದಿದೀರಿ."

"ಹೌದು ಮೇಡಂ... ಅಂದ್ರೆ... ಇದು..."

"ನೋಡಿ, ಎಷ್ಟು ಗಟ್ಟಿಯಾಗಿದೆ!" ಎಂದರು ಮಾವ ಹೆಮ್ಮೆಯಿಂದ.

"ಹಳೇದೇನಲ್ಲ ಮೇಡಂ," ಎಂದು ಬೇಲಿಯ ಕಡೆಯಿಂದ ನೆರವಿಗೆ ಬಂದರು ರೇಡಿಯೋ ಅತ್ತೆ. "ಇವತ್ತು ಮಧ್ಯಾಹ್ನ ಎಬ್ಬಿಸಿದ್ದು. ನಮ್ಮ ಕಣ್ಣೆದುರಿಗೇ!"

"ಬಾಗಿಲು ನಂದು," ಎಂದ ಬಡಗಿ.

ಇನ್‌ಸ್ಪೆಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದಳು. ಅತ್ತ ದರಿ, ಇತ್ತ ಪುಲಿ. ಇಲ್ಲಿ ದರಿಯೂ ಪುಲಿಯೂ ಒಂದೇ ಬಸ್ಸಿನಿಂದ ಇಳಿದಿದ್ದವು. ಗ್ಯಾರೇಜು ಇದೆ ಎಂದರೆ ಇನ್ನೆಂದೂ ಅನುಮತಿ ಇಲ್ಲ. ಇಲ್ಲ ಎಂದರೆ ಈಗಲೇ ಕಾರಿಲ್ಲ. ಬೇಕರಿಯವನು ಅವಳ ಕಿವಿಯ ಹತ್ತಿರ ಬಗ್ಗಿ, "ಬಟ್ಟೆ ಮೇಡಂ, ಬರೀ ಬಟ್ಟೆ," ಎಂದು ಪಿಸುಗುಟ್ಟಿದ.

"ಏನು? ನೆಗಡಿ, ಕಿವಿ ಕಟ್ಟಿದೆ. ಜೋರಾಗಿ ಹೇಳಿ."

ಮಳೆ ಬಿರುಸಾಯಿತು. ಟಾರ್ಪಾಲಿನ ನಡುವೆ ನೀರು ನಿಂತು, ತುಂಬಿದ ಎಮ್ಮೆಹೊಟ್ಟೆಯಂತೆ ಕೆಳಗೆ ಜೋತಾಡತೊಡಗಿತು. ಪೆನ್ನು ಕಾಗದಕ್ಕೆ ತಾಗಿತು.

"ಇಲ್ಲಿ ಗ್ಯಾರೇಜೇ ಇಲ್ಲ!" ಎಂದು ಬೇಕರಿಯವನು ಕಿರುಚಿದ. "ಯಾವತ್ತೂ ಇರ್ಲಿಲ್ಲ!"

ಹಾಗೆಂದವನೇ ಮೂಲೆಯ ಗಂಟನ್ನು ಹಿಡಿದೆಳೆದ. ದಾರ ಬಿಚ್ಚಿತು, ಗಳ ವಾಲಿತು, ಟಾರ್ಪಾಲು ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿನ ಮೇಲೆ ಭೋರೆಂದು ಕಕ್ಕಿ ಜಾರಿಬಿತ್ತು. ಗೋಡೆಗಳು ಮುಗ್ಗರಿಸಿದವು. ಬಡಗಿಯ ಬಾಗಿಲು ಮಾತ್ರ ಚಿಲಕ ಹಾಕಿಕೊಂಡು ಗಂಭೀರವಾಗಿ ನಿಂತೇ ಇತ್ತು. ಅದರ ಹಿಂದೆ ಮಾವನ ಕಾರು, ಕಾಗೆಯಂತೆ ನೆನೆಯುತ್ತಿತ್ತು.

ಮಾವ ಬಗ್ಗಿ ಕೆಸರಿನಿಂದ ಒಂದು ಗೋಡೆಯನ್ನು ಎರಡು ಬೆರಳಲ್ಲಿ ಎತ್ತಿದರು.

"ಇದು ನಿಮ್ಮ ಮದುವೆಗೆ ನಾನು ಕೊಟ್ಟ ಹೊದಿಕೆ ಅಲ್ವಾ?"

ಇನ್‌ಸ್ಪೆಕ್ಟರಮ್ಮ ಸುತ್ತ ಒಂದು ಸಲ ನಡೆದು ಬಂದಳು. "ಕಟ್ಟಡ ಏನೂ ಇಲ್ಲ, ನಿಜ. ಯಾರದ್ದಾದ್ರೂ ಆಕ್ಷೇಪ ಇದೆಯಾ?" ನೆರೆಯವರು ಮೂವರೂ ಇಲ್ಲವೆಂದು ತಲೆಯಾಡಿಸಿದರು. ಅವಳು ಸೀನಿ, ಮುದ್ರೆ ಒತ್ತಿ, ಕಾಗದವನ್ನು ಬೇಕರಿಯವನ ಕೈಗಿಟ್ಟಳು. "ಅನುಮತಿ ಕೊಟ್ಟಿದೆ. ಒಂದು ವಾಹನ ನಿಲ್ಲಿಸೋಕೆ ಮಾತ್ರ."

"ಯಾವ ವಾಹನ?" ಎಂದರು ಮಾವ, ಅಂಗೈ ಚಾಚಿ. "ಕೀ ಕೊಡಿ."

ಹೆಂಡತಿ ಬಾಗಿಲಿಗೆ ಬಂದು, "ಅಪ್ಪಾ, ಒಳಗೆ ಬಂದು ಏನಾದ್ರೂ ಬಿಸಿ ಕುಡಿ," ಎಂದಳು. ಮಾವ ಕೇಳಲಿಲ್ಲ. "ಸುಳ್ಳು ಹೇಳೋರ ಮನೇಲಿ ನೀರೂ ಬೇಡ ನಂಗೆ. ಮೇಡಂ, ನೀವು ಈ ನೆಗಡೀಲಿ ಬಸ್ಸು ಕಾಯೋದು ಬೇಡ. ಹೇಗೂ ನಮ್ಮೂರು ದಾಟಿ ತಾನೇ ನೀವು ಹೋಗ್ಬೇಕು? ಕೂತ್ಕೊಳ್ಳಿ. ಗ್ಯಾರೇಜ್ ಅಂದ್ರೆ ಹೇಗಿರುತ್ತೆ ಅಂತ ನಮ್ಮನೇಲಿ ತೋರಿಸ್ತೀನಿ. ಕಲ್ಲಿನ ಗೋಡೆ! ನಾನೇ ನಿಂತು ಕಟ್ಟಿಸಿದ್ದು!"

ಇನ್‌ಸ್ಪೆಕ್ಟರಮ್ಮ ಸಂತೋಷದಿಂದ ಹತ್ತಿ ಕುಳಿತಳು. ಕಾರು ಹೊರಟುಹೋಯಿತು. ಬೇಕರಿಯವನು ಗ್ಯಾರೇಜಿನ ಅನುಮತಿಯನ್ನು ಎದೆಗವಚಿಕೊಂಡು ಮಳೆಯಲ್ಲಿ ನಿಂತ.

"ಖಾಲಿ ಗ್ಯಾರೇಜಲ್ಲಿ ನನ್ನ ಸೌದೆ ಇಟ್ಕೋಬಹುದಾ ಅಂತ?" ಎಂದಿತು ಬೇಲಿಯ ಮೇಲಿನ ತಲೆ.

ರಾತ್ರಿಯೂಟದ ಹೊತ್ತಿಗೆ ಫೋನು ಬಂತು. ಆ ಕಡೆ ಮಾವ ಇದ್ದರು, ಆದರೆ ದನಿಯಲ್ಲಿದ್ದ ಕುದುರೆ ಇರಲಿಲ್ಲ.

"ಅಳಿಯಂದ್ರೇ... ಆ ಹುಡುಗೀಗೆ ಗ್ಯಾರೇಜ್ ತೋರಿಸಿದೆ."

"ಚೆನ್ನಾಗಿದೆ ಅಂದ್ರಾ ಮಾವ?"

"ತುಂಬಾ ಚೆನ್ನಾಗಿದೆ ಅಂದ್ಲು. ಆಮೇಲೆ ಅನುಮತಿ ಎಲ್ಲಿ ಅಂದ್ಲು. ನನ್ನ ಕಾಲದಲ್ಲಿ ಅನುಮತಿ ಯಾರಪ್ಪಾ ಕೇಳ್ತಿದ್ರು? ಕಾರಲ್ಲಿ ಅವಳು ಕೂತಿದ್ದ ಸೀಟು ಇನ್ನೂ ಬೆಚ್ಚಗಿತ್ತು, ಬಾಗಿಲಿಗೆ ಚೀಟಿ ಅಂಟಿಸ್ಬಿಟ್ಟಳು! ಒಳಗೆ ಗಾಡಿ ನಿಲ್ಲಿಸೋ ಹಾಗಿಲ್ಲವಂತೆ, ಕೆಡವಬೇಕಂತೆ. ನಿಮ್ಮತ್ತೆ ಬೇರೆ ನಗ್ತಾ ಕೂತಿದ್ದಾಳೆ."

ಬೇಕರಿಯವನಿಗೆ ನಗು ಬಂತು. ನಗಲು ಧೈರ್ಯ ಬರಲಿಲ್ಲ. "ಈಗೇನ್ ಮಾಡ್ತೀರಿ ಮಾವ?"

"ಅನುಮತಿ ಇರೋದು ನಿಮ್ಮ ಹತ್ರ ತಾನೇ? ನಾಳೆ ಕಾರು ಅಲ್ಲಿಗೇ ತರ್ತೀನಿ."

ಬೇಕರಿಯವನ ಎದೆ ಒಲೆಯಲ್ಲಿಟ್ಟ ಬನ್ನಿನಂತೆ ಅರಳಿತು. "ತನ್ನಿ ಮಾವ, ತನ್ನಿ!"

"ಕಟ್ಟಿ ಮುಗಿಯೋವರೆಗೆ ನಾನೂ ಅಲ್ಲೇ ಇರ್ತೀನಿ. ಒಂದೊಂದು ಇಟ್ಟಿಗೇನೂ ನಾನೇ ನಿಂತು ನೋಡ್ಬೇಕು. ನಿಮ್ಮ ಮಾತು ನಂಬೋ ಕಾಲ ಹೋಯ್ತು. ಕೀನೂ ನನ್ನ ಹತ್ರಾನೇ ಇರುತ್ತೆ."

"ಮತ್ತೆ... ಬೆಳಗಿನ ಜಾವ ನಾನು ಬೇಕರಿಗೆ..."

"ಮಳೆ ಇಲ್ಲದ ದಿನ ನಾನೇ ಬಿಟ್ಟು ಬರ್ತೀನಿ. ಮಳೆ ಬಂದ್ರೆ, ನಡ್ಕೊಂಡ್ ಹೋಗಿ. ಕಾರು ನೆನೀಬಾರ್ದು."

ಫೋನು ಇಟ್ಟು ತಿರುಗಿದರೆ, ಹೆಂಡತಿ ಒದ್ದೆ ಹೊದಿಕೆಗಳನ್ನು ಅಡುಗೆಮನೆಯ ತುಂಬ ಹರವುತ್ತಿದ್ದಳು. ಮನೆಯಲ್ಲಿ ಅತಿಥಿಗಳಿಗೆಂದು ಇದ್ದದ್ದು ಅವಷ್ಟೇ.

ಆ ರಾತ್ರಿ ಮಳೆ ನಿಲ್ಲಲಿಲ್ಲ. ಮಾವನ ಮನೆಯ ಮುಂದೆ, ಬಾಗಿಲಿಗೆ ಚೀಟಿ ಅಂಟಿಸಿದ ಕಲ್ಲಿನ ಗ್ಯಾರೇಜಿನ ಎದುರಿಗೆ, ಕಾರು ಬೆಳಗಿನವರೆಗೂ ನೆನೆಯಿತು. ಅಳಿಯ ಕೊಟ್ಟ ಮಾತು ಮಾವನ ಅಂಗಳದಲ್ಲಿ ಮುರಿಯಿತು.